ಶೇಠರ ಲೇಖನವನ್ನು ವಾಪಸ್ ಕಳಿಸಿದವರು ಯಾರು?

ನಮ್ಮ ಅತ್ತೆಯವರು ಬದುಕಿದ್ದಷ್ಟು ದಿನವೂ ನಾನು ಎಂಥ ಕೆಲಸ ಮಾಡುತ್ತೇನೆಂದು ನೆಂಟರಿಗೆ ನೆಟ್ಟಗೆ ಹೇಳಲಿಲ್ಲ. ಧಾರವಾಡದ ಕಡೆಯಿಂದ ಯಾರಾದರೂ ಅಹಮದಾಬಾದಿಗೆ ಬಂದು ಕೇಳಿದರೆ, "ಯಾವುದೋ ಪುಸ್ತಕದ ಆಫೀಸಂತ" ಎಂದು ಚಹಾದ ಕಪ್ಪನ್ನು ಮುಂದೆ ಸರಿಸಿಬಿಡುತ್ತಿದ್ದರು. ಒಮ್ಮೆ ಮಾತ್ರ ಬಾಯಿ ತಪ್ಪಿ, "ಆಕಿ ಉಗ್ರಗಾಮಿಗಳ ಕಡೆ ಕೆಲಸಕ್ಕ ಇದ್ದಾಳ" ಎಂದುಬಿಟ್ಟರು. ನಾಲ್ಕು ದಿನ ಇರಲು ಬಂದಿದ್ದ ಬೀಗರು ಮರುದಿನವೇ ಗಾಡಿ ಹತ್ತಿದರು. ಅತ್ತೆಯವರಿಗೆ ಅದರಿಂದ ದುಃಖವೇನೂ ಆದಂತೆ ಕಾಣಲಿಲ್ಲ.

ನಾನು ಕೆಲಸ ಮಾಡಿದ್ದು ಒಂದು ತ್ರೈಮಾಸಿಕ ಪತ್ರಿಕೆಯಲ್ಲಿ. ಅದರ ವಿಷಯ ಭಯೋತ್ಪಾದನೆ ಮತ್ತು ಅನಿಯಮಿತ ಯುದ್ಧ. ಅನಿಯಮಿತ ಯುದ್ಧವೆಂದರೆ ಸಮವಸ್ತ್ರ ತೊಟ್ಟ ಎರಡು ಸೈನ್ಯಗಳು ಎದುರುಬದುರು ನಿಂತು ಮಾಡುವಂಥದ್ದಲ್ಲ; ಗೆರಿಲ್ಲಾಗಳು, ಬಂಡುಕೋರರು, ಕಾಡು ಗುಡ್ಡಗಳಲ್ಲಿ ಅಡಗಿರುವ ಗುಂಪುಗಳು ಮಾಡುವಂಥದ್ದು. ದೇಶವಿದೇಶಗಳ ಪ್ರೊಫೆಸರುಗಳು, ನಿವೃತ್ತ ಸೇನಾಧಿಕಾರಿಗಳು, ಪೊಲೀಸ್ ಅಧಿಕಾರಿಗಳು ಅದಕ್ಕೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಇಷ್ಟೆಲ್ಲ ರಕ್ತಪಾತದ ಸಂಗತಿಗಳು ಅಚ್ಚಾಗಿ ಹೊರಡುತ್ತಿದ್ದದ್ದು ನವರಂಗಪುರದ ಒಂದು ಹಳೆಯ ಕಟ್ಟಡದ ಮೇಲಿನ ಎರಡು ಕೋಣೆಗಳಿಂದ. ಕೆಳಗೆ ಬಟ್ಟೆ ವ್ಯಾಪಾರದ ಪೇಢಿ, ಪಕ್ಕದಲ್ಲಿ ಉಡುಪಿ ಹೋಟೆಲು. ಮಧ್ಯಾಹ್ನ ಸಾಂಬಾರಿನ ಒಗ್ಗರಣೆಯ ವಾಸನೆ ಮೇಲೆ ಬಂದಿತೆಂದರೆ ಬಾಂಬಿನ ಲೇಖನ ಓದುತ್ತಿದ್ದವರಿಗೂ ಹೊಟ್ಟೆ ಚುರುಗುಟ್ಟುತ್ತಿತ್ತು.

ಇದನ್ನು ಬರೆಯಲು ಕಾರಣ ನಮ್ಮ ಅಪಾರ್ಟ್‌ಮೆಂಟಿನ ಅನನ್ಯಾ. ಬ್ಯಾಂಕಿನವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಅಹಮದಾಬಾದಿನಲ್ಲಿ. ಹೋದ ತಿಂಗಳು ಅವಳಿಗೆ ಒಂದು ವಿದ್ವತ್ ಪತ್ರಿಕೆಯಲ್ಲಿ ಕೆಲಸ ಸಿಕ್ಕಿತು. ಮೂರನೆಯ ದಿನವೇ ನಮ್ಮ ಮನೆಯ ಸೋಫಾದ ಮೇಲೆ ಬಂದು ಬಿದ್ದುಕೊಂಡು, "ಆಂಟಿ, ದಿನಾ ಬರೀ ಈಮೇಲ್ ಹೀ ಈಮೇಲ್. ನೀವು ಇಷ್ಟು ಇಯರ್ಸ್ ಹೇಗೆ ನಿಕಾಲಿಸಿದ್ರಿ?" ಎಂದು ಕೇಳಿದಳು. ಉತ್ತರ ಉದ್ದವಾಗುತ್ತದೆ, ಬರೆದು ಕೊಡುತ್ತೇನೆ ಎಂದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಅವಳ ತಾಯಿ ಓದಿ ಹೇಳಬೇಕು. ಆದರೂ ಕನ್ನಡದಲ್ಲೇ ಬರೆಯುವುದಕ್ಕೆ ಒಂದು ಬಲವಾದ ಕಾರಣವಿದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಇನ್ನೊಂದು ಮಾತು. ನನ್ನ ಜೊತೆಗಿದ್ದವರು ಮಾತಾಡುತ್ತಿದ್ದದ್ದು ಗುಜರಾತಿ ಬೆರೆಸಿದ ಹಿಂದಿಯಲ್ಲಿ, ಸಿಟ್ಟು ಬಂದಾಗ ಇಂಗ್ಲಿಷಿನಲ್ಲಿ. ಆದರೆ ನನ್ನ ನೆನಪಿನಲ್ಲಿ ಅವರೆಲ್ಲ ಧಾರವಾಡದ ಕನ್ನಡವನ್ನೇ ಆಡುತ್ತಾರೆ. ಅದು ಹೇಗೆ ಎಂದು ಕೇಳಬೇಡಿ.

ನಮ್ಮ ಸಂಪಾದಕರು ಪಾಠಕ್ ಸರ್. ಇತಿಹಾಸದ ಪ್ರೊಫೆಸರರಾಗಿದ್ದು ನಿವೃತ್ತರಾಗಿ, ಪಿಂಚಣಿಯಲ್ಲಿ ಸುಮ್ಮನೆ ಕೂರಲಾರದೆ ಈ ಪತ್ರಿಕೆ ಶುರುಮಾಡಿದವರು. ತೆಳ್ಳಗೆ, ಬೆಳ್ಳಗೆ, ಯಾವಾಗಲೂ ಎದೆಯ ಜೇಬಿನಲ್ಲಿ ಕೆಂಪು ಪೆನ್ನು. ಬಂದ ಲೇಖನದ ಅಂಚಿನಲ್ಲಿ ಅವರು ಬರೆಯುತ್ತಿದ್ದದ್ದು ಒಂದೇ ಪ್ರಶ್ನೆ: "ತಮನೆ ಕೇವೀ ರೀತೆ ಖಬರ್?" ಅಂದರೆ, ನಿಮಗ ಹ್ಯಾಂಗ ಗೊತ್ತು? "ಮೂಲಗಳ ಪ್ರಕಾರ" ಎಂದು ಬರೆದಿದ್ದರೆ ಕೆಂಪು ಪ್ರಶ್ನೆ. "ಎಲ್ಲರಿಗೂ ತಿಳಿದಿರುವಂತೆ" ಎಂದಿದ್ದರೆ ಇನ್ನೂ ದೊಡ್ಡ ಅಕ್ಷರದಲ್ಲಿ ಕೆಂಪು ಪ್ರಶ್ನೆ. ಕಾಡಿನ ಕಾಳಗವೊಂದನ್ನು ಪುಟಗಟ್ಟಲೆ ವರ್ಣಿಸಿದ್ದ ಕರ್ನಲ್ ಒಬ್ಬರು ಫೋನ್ ಮಾಡಿ, "ನಾನs ಅಲ್ಲಿದ್ದೆ! ಹ್ಯಾಂಗ ಗೊತ್ತು ಅಂತ ನನಗs ಕೇಳ್ತೀರೇನು?" ಎಂದು ಗುಡುಗಿದರು. ಪಾಠಕ್ ಸರ್ ಅಷ್ಟೇ ತಣ್ಣಗೆ, "ನೀವು ಅಲ್ಲಿದ್ರಿ. ನಿಮ್ಮನ್ನ ಓದೋರು ಅಲ್ಲಿದ್ದಿಲ್ಲಲ್ರಿ" ಎಂದರು. ಕರ್ನಲ್ ಸಾಹೇಬರು ಮುಂದಿನ ವಾರ ಅಡಿಟಿಪ್ಪಣಿಗಳ ಸಮೇತ ಶರಣಾದರು.

ಆ ಪ್ರಶ್ನೆ ನನಗೂ ಅಂಟಿಕೊಂಡಿತು. ಮನೆಯಲ್ಲಿ ಯಜಮಾನರು "ಇವತ್ತ ಮಳಿ ಬರೂದಿಲ್ಲ" ಎಂದರೂ "ನಿಮಗ ಹ್ಯಾಂಗ ಗೊತ್ತು?" ಎನ್ನುತ್ತಿದ್ದೆ. ಮದುವೆಯಾಗಿ ಇಷ್ಟು ವರ್ಷ ಅವರು ಅದನ್ನು ಸಹಿಸಿಕೊಂಡದ್ದು ದೊಡ್ಡದು.

ಈಗ ನಮ್ಮ ಕೆಲಸದ ಜೀವಾಳದ ಸಂಗತಿ. ಲೇಖನ ಬಂದ ತಕ್ಷಣ ಬರೆದವರ ಹೆಸರಿನ ಹಾಳೆಯನ್ನು ತೆಗೆದು ಬೀರುವಿನಲ್ಲಿಟ್ಟು, ಲೇಖನಕ್ಕೆ ಒಂದು ಸಂಖ್ಯೆ ಹಾಕುತ್ತಿದ್ದೆವು. ಅದರ ಪ್ರತಿ ಆ ವಿಷಯ ಬಲ್ಲ ಇಬ್ಬರು ಪರಿಶೀಲಕರಿಗೆ ಹೋಗುತ್ತಿತ್ತು. ಬರೆದವರು ಯಾರೆಂದು ಓದುವವರಿಗೆ ಗೊತ್ತಾಗಬಾರದು, ಓದಿ ತೀರ್ಪು ಕೊಟ್ಟವರು ಯಾರೆಂದು ಬರೆದವರಿಗೆ ಗೊತ್ತಾಗಬಾರದು. ಎರಡೂ ಕಡೆಯ ಹೆಸರು ಬಲ್ಲವರು ಪಾಠಕ್ ಸರ್ ಮತ್ತು ನಾನು, ಇಬ್ಬರೇ. ಹೆಸರು ಮುಚ್ಚುವುದರಲ್ಲಿ ನಾವು ಎಷ್ಟು ಕಟ್ಟುನಿಟ್ಟಾಗಿದ್ದೆವೆಂದರೆ ಒಂದು ಸಲ ಮುಚ್ಚಿದ ಹೆಸರನ್ನು ತೆಗೆಯಲು ಮರೆತೇಬಿಟ್ಟೆವು. ಪ್ರೂಫ್ ನೋಡಿದವರಲ್ಲಿ ಒಬ್ಬರಿಗೂ ಹೊಳೆಯದೆ, ಸಂಚಿಕೆ ಅಚ್ಚಾಗಿ ಬಂದಾಗ ಒಂದು ಲೇಖನದ ಕೆಳಗೆ ಹೆಸರಿನ ಬದಲು ಬರೀ ಸಂಖ್ಯೆ ಇತ್ತು.

ಬರೆದವರು ಒಬ್ಬ ಬಡಪಾಯಿ ಕಾಲೇಜು ಮೇಷ್ಟರು. ಗಾಬರಿಯಾಗಿ ಫೋನ್ ಮಾಡಿ, "ನನ್ನ ಜೀವಕ್ಕೇನರೆ ಅಪಾಯ ಅದ ಅಂತ ಹೆಸರು ಮುಚ್ಚೀರೇನ್ರಿ?" ಎಂದು ಕೇಳಿದರು. ಕ್ಷಮೆ ಕೇಳಿ, ಮುಂದಿನ ಸಂಚಿಕೆಯಲ್ಲಿ ಹೆಸರು ಹಾಕುತ್ತೇವೆ ಎಂದೆವು. ಅಷ್ಟರಲ್ಲಿ ಓದುಗರೆಲ್ಲ ಇವರು ಯಾರೋ ಬೇಹುಗಾರಿಕೆ ಇಲಾಖೆಯ ಭಾರಿ ಅಧಿಕಾರಿ ಇರಬೇಕೆಂದು ತೀರ್ಮಾನಿಸಿ, ಆ ಸಂಖ್ಯೆಯ ಹೆಸರಿಗೇ ವಿಚಾರ ಸಂಕಿರಣದ ಆಹ್ವಾನಗಳನ್ನು ನಮ್ಮ ವಿಳಾಸಕ್ಕೆ ಕಳಿಸತೊಡಗಿದರು. ಮೇಷ್ಟರು ಇನ್ನೊಂದು ಸಲ ಫೋನ್ ಮಾಡಿ, "ಅವಸರ ಏನಿಲ್ರಿ, ಹೆಸರು ನಿಧಾನಕ್ಕ ಹಾಕ್ರಿ" ಎಂದರು.

ಇನ್ನು ಶೇಠರ ವಿಷಯ. ನಾವಿದ್ದ ಕಟ್ಟಡ ಜಶವಂತಭಾಯಿ ಶೇಠರದು. ಕೆಳಗಿನ ಬಟ್ಟೆಯ ಪೇಢಿಯೂ ಅವರದೇ. ಪಾಠಕ್ ಸರ್ ಮೇಲಿನ ಗೌರವದಿಂದ ಎರಡು ಕೋಣೆಗಳನ್ನು ಪತ್ರಿಕೆಗೆಂದು ಬಿಟ್ಟುಕೊಟ್ಟಿದ್ದರು. ಪ್ರತಿ ಸಂಚಿಕೆಯ ಮೊದಲ ಪ್ರತಿ ಅವರಿಗೇ ಹೋಗುತ್ತಿತ್ತು. ಅವರು ಅದನ್ನು ಪೇಢಿಯ ಗಾದಿಯ ಮೇಲೆ, ಲಕ್ಷ್ಮಿಯ ಪಟದ ಕೆಳಗೆ ಇಡುತ್ತಿದ್ದರು. ಬಟ್ಟೆ ಕೊಳ್ಳಲು ಬಂದವರು ಮುಖಪುಟದ ಮೇಲಿನ ಹೆಸರು ಓದಿ ಸ್ವಲ್ಪ ದೂರ ಸರಿದು ಕೂರುತ್ತಿದ್ದರು.

ಶೇಠರು ಅದನ್ನು ಓದುವುದಿಲ್ಲವೆಂದೇ ನಾವು ತಿಳಿದಿದ್ದೆವು. ಓದುತ್ತಿದ್ದರು. ಅದು ನಮಗೆ ತಿಳಿದದ್ದು ಆಂಗಡಿಯಾ ಲೇಖನ ಅಚ್ಚಾದಾಗ. ಆಂಗಡಿಯಾ ಎಂದರೆ ವ್ಯಾಪಾರಿಗಳ ವಜ್ರ, ಹಣ, ಕಾಗದಪತ್ರಗಳನ್ನು ಊರಿಂದೂರಿಗೆ ಹೊತ್ತೊಯ್ದು ಮುಟ್ಟಿಸುವವರು. ಸೂರತ್ತಿನ ವಜ್ರದ ವ್ಯಾಪಾರ ನಿಂತಿರುವುದೇ ಅವರ ಮಾತಿನ ಮೇಲೆ. ವಿದೇಶದ ವಿದ್ವಾಂಸರೊಬ್ಬರು, ಇಂಥ ನಂಬಿಕೆಯ ದಾರಿಗಳಲ್ಲಿ ಗುಪ್ತ ಗುಂಪುಗಳ ಹಣವೂ ಸಲೀಸಾಗಿ ಹರಿಯಬಲ್ಲದು ಎಂದು ನಮ್ಮಲ್ಲಿ ಬರೆದರು. ಇಬ್ಬರು ಪರಿಶೀಲಕರು ಒಪ್ಪಿದ್ದರು. ಅಚ್ಚಾಯಿತು.

ಆ ಸಂಚಿಕೆ ಹಿಡಿದುಕೊಂಡು ಶೇಠರು ಮೊದಲ ಸಲ ಮಹಡಿ ಹತ್ತಿ ಬಂದರು. ಬಂದವರ ಮುಖ ಕೆಂಡವಾಗಿತ್ತು.

"ಪಾಠಕ್ ಸಾಹೇಬ, ನನ್ನ ಛತ್ತಿನ ಕೆಳಗ ಕೂತು ನಮ್ಮವರಿಗೇ ಕಳ್ಳರು ಅಂತೀರೇನು? ಆ ಮಂದಿಯಿಂದ ನಮ್ಮಪ್ಪನ ಮನಿ ನಡೀತು."

"ನಾವು ಅಂದಿಲ್ರಿ. ಲೇಖಕರು ಅಂದಾರ. ತಪ್ಪು ಅನಸಿದ್ರ ನೀವು ಉತ್ತರಾ ಬರೀರಿ."

"ಬರದ್ರ ಅಚ್ಚು ಮಾಡ್ತೀರಿ?"

"ಎಲ್ಲಾರ ಲೇಖನಕ್ಕ ಏನಾಗ್ತದೋ ನಿಮ್ಮದಕ್ಕೂ ಅದs ಆಗ್ತದ" ಎಂದರು ಪಾಠಕ್ ಸರ್. ಒಂದು ಮಾತು ಮೆತ್ತಗೆ ಹೇಳಿದ್ದರೆ ಆಗುತ್ತಿತ್ತು. ಅವರಿಗೆ ಆ ವಿದ್ಯೆ ಬರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಶೇಠರ ಲೆಕ್ಕ ಬರೆಯುವ ಮುನೀಮಜಿ ಮೇಲೆ ಬಂದು, ನಮ್ಮ ಮುಖ ನೋಡಲಾರದೆ ಗೋಡೆಯ ಕ್ಯಾಲೆಂಡರ್ ನೋಡುತ್ತ, ದೀಪಾವಳಿಯ ನಂತರ ಲಾಭಪಂಚಮಿಯ ದಿನ ಪೇಢಿ ತೆರೆಯುವ ಹೊತ್ತಿಗೆ ಕೋಣೆಗಳು ಖಾಲಿ ಇರಬೇಕಂತೆ ಎಂದರು. ಗೋದಾಮಿಗೆ ಬೇಕಂತೆ. ಹೇಳಿ ಮುಗಿಸಿ, ಕೊಟ್ಟ ಚಹಾ ಕುಡಿದು, ನಮಗಿಂತ ದುಃಖದಲ್ಲಿ ಇಳಿದುಹೋದರು.

ಬೇರೆ ಕಡೆ ಬಾಡಿಗೆ ಕೊಡುವ ಶಕ್ತಿ ಪತ್ರಿಕೆಗಿರಲಿಲ್ಲ. ಪಾಠಕ್ ಸರ್‌ಗೆ ಉಳಿದ ದಾರಿ ಒಂದೇ. ವಡೋದರಾದಲ್ಲಿ ಅವರ ಹಳೆಯ ಶಿಷ್ಯರೊಬ್ಬರ ಮನೆಯ ಹಿಂದೆ ಒಂದು ಶೆಡ್ ಇತ್ತು, ಅಲ್ಲಿಗೆ ಹೋಗುವುದು. ಅವರು ಹೋಗಬಹುದಿತ್ತು. ನಾನು ಹೇಗೆ ಹೋಗಲಿ? ಯಜಮಾನರ ಬ್ಯಾಂಕು ಇಲ್ಲಿ, ಮಗಳ ಶಾಲೆ ಇಲ್ಲಿ, ಅತ್ತೆಯವರು ಇಲ್ಲಿ. ಪತ್ರಿಕೆ ವಡೋದರಾಕ್ಕೆ ಹೋದರೆ ನನ್ನ ಕೆಲಸ ಅಲ್ಲಿಗೆ ಮುಗಿದಂತೆ. ಆ ಸಂಜೆ ಪಲ್ಯಕ್ಕೆ ಈರುಳ್ಳಿ ಹೆಚ್ಚುತ್ತ ಚೆನ್ನಾಗಿ ಅತ್ತೆ. ಈರುಳ್ಳಿ ಇದ್ದದ್ದು ಅನುಕೂಲವಾಯಿತು. ಆ ಎರಡು ಕೋಣೆ, ಆ ಕೆಂಪು ಪೆನ್ನು, ಬೀರುವಿನ ತುಂಬ ನಾನು ಕಾಪಾಡಿದ ಹೆಸರುಗಳು, ಇವುಗಳ ಮೇಲೆ ನನಗೆ ಅಷ್ಟು ಜೀವ ಎಂದು ನನಗೇ ಗೊತ್ತಿರಲಿಲ್ಲ. ಅಲ್ಲಿಯತನಕ ಅದನ್ನು ಸಂಬಳದ ಕೆಲಸವೆಂದೇ ತಿಳಿದಿದ್ದೆ.

ಹತ್ತು ಹದಿನೈದು ದಿನ ಕಳೆದಿರಬಹುದು, ಮುನೀಮಜಿ ಮತ್ತೆ ಬಂದರು. ಕೈಯಲ್ಲಿ ದಪ್ಪ ಲಕೋಟೆ. ಒಳಗೆ ಟೈಪ್ ಮಾಡಿದ ಲೇಖನ, ಮೂರು ಪ್ರತಿ. ಹೆಸರು ಬೇರೆ ಹಾಳೆಯಲ್ಲಿ. ಸಾಲುಗಳ ನಡುವೆ ಬೇಕಾದಷ್ಟು ಜಾಗ, ಅಂಚುಗಳು ಅಳತೆಗೆ ಸರಿಯಾಗಿ. ನಮ್ಮ ಹಿಂಬದಿಯ ಪುಟದಲ್ಲಿ ಲೇಖಕರಿಗೆ ಸೂಚನೆಗಳು ಎಂದು ಅಚ್ಚಾಗುತ್ತಿದ್ದವಲ್ಲ, ಅವನ್ನು ಪೂರ್ತಿ ಓದಿ ಪಾಲಿಸಿದ ಮೊದಲ ಮನುಷ್ಯ ನಮ್ಮನ್ನು ಹೊರಗೆ ಹಾಕುತ್ತಿದ್ದ ಶೇಠರೇ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಅಲ್ಲ, ಅವರು ನಿಮಗ ಖೋಲಿ ಖಾಲಿ ಮಾಡ್ಸಿದ್ರ ಅವರ ಲೇಖನ ಅಚ್ಚಾಗೂದು ಎಲ್ಲಿ?" ಎಂದರು.

ನನಗೆ ನಗು ತಡೆಯಲಾಗಲಿಲ್ಲ. ಬೆಳಿಗ್ಗೆ ಓಡೋಡಿ ಹೋಗಿ ಪಾಠಕ್ ಸರ್‌ಗೆ ಅದೇ ಮಾತು ಹೇಳಿದೆ. ಎಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ನಗು ಕಂಡಿತು. "ವಿಮಲಾಬೆನ್, ಇದನ್ನ ನಾವು ಹೇಳೂದು ಬ್ಯಾಡ. ಅವರಿಗೇ ಹೊಳೀಲಿ. ನಾವು ನಮ್ಮ ಪದ್ಧತಿ ಪ್ರಕಾರ ಕೆಲಸಾ ಮಾಡೋಣು" ಎಂದರು.

ಪದ್ಧತಿ ಪ್ರಕಾರ ಲೇಖನಕ್ಕೆ ಸಂಖ್ಯೆ ಬಿತ್ತು. ಒಂದು ಪ್ರತಿ ಸೂರತ್ತಿನ ಅಡಾಜಣ್‌ನಲ್ಲಿದ್ದ ಅರ್ಥಶಾಸ್ತ್ರದ ಪ್ರೊಫೆಸರ್ ಇಲಾಬೆನ್ ಅವರಿಗೆ ಹೋಯಿತು. ಇನ್ನೊಂದು ವಡೋದರಾದ ಕನುಭಾಯಿಯವರಿಗೆ. ಕನುಭಾಯಿ ರೈಲ್ವೆ ಪೊಲೀಸ್ ಅಧಿಕಾರಿಯಾಗಿ ನಿವೃತ್ತರಾದವರು; ಗಾಡಿಗಳಲ್ಲಿ ಏನೇನು ಹೋಗುತ್ತದೆ, ಯಾರು ಒಯ್ಯುತ್ತಾರೆ ಎಂಬುದರಲ್ಲಿ ಅವರನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಮೂರನೆಯ ದಿನ ಅವರ ಫೋನ್ ಬಂತು.

"ಬೆನ್, ಎರಡನೇ ಪುಟದಾಗs ಲೇಖಕ ಯಾರಂತ ನನಗ ಗುರುತು ಸಿಕ್ಕುಬಿಡ್ತು. ಜಶವಂತ. ನಾವಿಬ್ರೂ ಕಾಲೇಜಿನ್ಯಾಗಿಂದ ಗೆಳೆಯಾರು."

ಗುರುತು ಸಿಕ್ಕರೆ ಸಂಪಾದಕರಿಗೆ ತಿಳಿಸಬೇಕೆಂಬುದು ನಿಯಮ. ನಾನು ಪಾಠಕ್ ಸರ್ ಕೈಗೆ ಫೋನ್ ಕೊಟ್ಟೆ. ಈ ವಿಷಯ ಬಲ್ಲ ಮತ್ತೊಬ್ಬರನ್ನು ಅವರು ಎಲ್ಲಿಂದ ತಂದಾರು?

"ಗೆಳೆಯ ಅಂತ ಹೇಳಿ ಬಿಡಂಗಿಲ್ಲ. ಬಿರುಸಾಗಿ ಬರೀಲಿಕ್ಕ ಆಗ್ತದೇನು?" ಎಂದು ಕೇಳಿದರು.

ಆ ಕಡೆಯ ಉತ್ತರ ನನಗೂ ಕೇಳಿಸುವಷ್ಟು ಜೋರಾಗಿತ್ತು. "ಅಂವನ ಬಗ್ಗೆನಾ? ಬಿರುಸಾಗಿ ಬರೀಲಿಕ್ಕ ಒಂದು ಅವಕಾಶ ಬೇಕಂತ ಎಷ್ಟು ವರ್ಷಾತು ಕಾಯ್ಲಿಕ್ಹತ್ತಿ!"

ಪರಿಶೀಲನೆ ಮುಗಿದ ಪ್ರತಿಯನ್ನು ಕನುಭಾಯಿ ಅಂಚೆಗೆ ಹಾಕದೆ, ಅಹಮದಾಬಾದಿಗೆ ಹೇಗೂ ಬರುವುದಿದೆ ಎಂದು ಕೈಯಲ್ಲೇ ತಂದರು. ಆಫೀಸಿಗೆ ಬಂದರೆ ಶೇಠರು ನೋಡುತ್ತಾರೆಂದು ಪಕ್ಕದ ಉಡುಪಿ ಹೋಟೆಲಿನಲ್ಲಿ ಕೂತೆವು. ಹೋಟೆಲಿನ ಸುಧಾಕರಣ್ಣ ಕುಂದಾಪುರದ ಕಡೆಯವರು. ನನ್ನ ಕನ್ನಡಕ್ಕೆ ಆ ಬೀದಿಯಲ್ಲಿ ಅವರೊಬ್ಬರೇ ದಿಕ್ಕು. ಕನುಭಾಯಿ ಲಕೋಟೆಯಿಂದ ಲೇಖನ ತೆಗೆದು ಮೇಜಿನ ಮೇಲೆ ಹರಡಿ ಒಂದೊಂದೇ ತಪ್ಪು ತೋರಿಸುತ್ತಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಶೇಠರು.

ಸುಧಾಕರಣ್ಣನಿಗೆ ಏನು ಅರ್ಥವಾಯಿತೋ, ನನ್ನ ಮುಖ ನೋಡಿದವರೇ ಎರಡು ಪ್ಲೇಟ್ ಇಡ್ಲಿ ಸಾಂಬಾರ್ ತಂದು ಲೇಖನದ ಮೇಲೇ ಇಟ್ಟುಬಿಟ್ಟರು. "ಬಿಸಿ ಉಂಟು ಅಕ್ಕ, ಈಗ್ಲೇ ತಿನ್ನಿ ಮಾರಾಯ್ರೆ" ಎಂದರು.

ಶೇಠರು ನೇರವಾಗಿ ನಮ್ಮ ಮೇಜಿಗೇ ಬಂದು, "ಅರೆ ಕನು! ನೀ ಇಲ್ಲೆ?" ಎಂದು ಕೂತರು. ತಮ್ಮ ಲೇಖನದ ಮೇಲೇ ಮೊಣಕೈ ಊರಿ, ತಮ್ಮ ಲೇಖನ ಯಾವನೋ ಮೂರ್ಖನ ಕೈಯಲ್ಲಿ ಸಿಕ್ಕಿಕೊಂಡು ತಿಂಗಳಾಯಿತೆಂದು ಗೆಳೆಯನ ಮುಂದೆ ಗೋಳಾಡಿದರು. ಕನುಭಾಯಿ ಇಡ್ಲಿಯಿಂದ ಕಣ್ಣೆತ್ತಲಿಲ್ಲ. ನಾನು ಖಾಲಿ ಲೋಟದಿಂದ ಎಷ್ಟು ಹೊತ್ತು ಕಾಫಿ ಕುಡಿದೆನೋ ದೇವರಿಗೇ ಗೊತ್ತು. ಮೂರು ಪುಟಗಳಿಗೆ ಸಾಂಬಾರು ಇಳಿದಿತ್ತು. ಅವನ್ನು ಹೊಸದಾಗಿ ಟೈಪ್ ಮಾಡಿಸಿದೆವು.

ಶೇಠರ ಲೇಖನದ ದೊಡ್ಡ ಸಾಕ್ಷಿ ಅವರದೇ ಒಂದು ನೆನಪು. ಹರೆಯದಲ್ಲಿ ಸೂರತ್ತಿನಿಂದ ರೈಲುಗಾಡಿಯಲ್ಲಿ ಬರುವಾಗ ಅವರ ಡಬ್ಬಿಯಲ್ಲಿ ಒಬ್ಬ ಆಂಗಡಿಯಾ ಇದ್ದನಂತೆ. ಸೊಂಟಕ್ಕೆ ಚೀಲ ಕಟ್ಟಿಕೊಂಡಿದ್ದ ಅವನು ಭರೂಚ್ ನಿಲ್ದಾಣದಲ್ಲಿ ಇಳಿದು, ಅಲ್ಲಿಯ ಹೆಸರಾಂತ ಉಪ್ಪು ಹಚ್ಚಿ ಹುರಿದ ಕಡಲೆಕಾಯಿ ಕೊಂಡು ತಂದು ಡಬ್ಬಿಯವರಿಗೆಲ್ಲ ಹಂಚಿದನಂತೆ. ಇಂಥ ತೆರೆದ ಮನಸ್ಸಿನವರು ಕೊಲೆಗಡುಕರ ಹಣ ಹೊರುತ್ತಾರೆಯೇ ಎಂದು ಶೇಠರು ಕೇಳಿದ್ದರು. ಓದಿದರೆ ಕಣ್ಣು ಒದ್ದೆಯಾಗಬೇಕು, ಹಾಗೆ ಬರೆದಿದ್ದರು.

ಪರಿಶೀಲಕರ ಕಣ್ಣು ಒದ್ದೆಯಾಗಲಿಲ್ಲ. ಕನುಭಾಯಿ ಬರೆದರು: "ಚೀಲ ಕಟ್ಟಿಕೊಂಡ ಆಂಗಡಿಯಾ ದಾರಿಯಲ್ಲಿ ಯಾವ ನಿಲ್ದಾಣದಲ್ಲೂ ಇಳಿಯುವುದಿಲ್ಲ. ಕಡಲೆಕಾಯಿ ತಂದವನು ಬೇರೆ ಯಾರೋ ಪ್ರಯಾಣಿಕ. ಲೇಖಕರ ನೆನಪು ಕಲಸಿಹೋಗಿದೆ. ಒಬ್ಬರ ಒಳ್ಳೆಯತನವನ್ನು ಇನ್ನೊಬ್ಬರ ಖಾತೆಗೆ ಹಾಕಿ ವಾದ ಹೂಡಬಾರದು." ಇಲಾಬೆನ್ ಬರೆದದ್ದು ಇನ್ನೂ ಸರಳ: "ಲೇಖಕರು ಒಬ್ಬನಾದರೂ ಆಂಗಡಿಯಾನನ್ನು ಕೂರಿಸಿಕೊಂಡು ಮಾತಾಡಿಸಿದ್ದಾರೆಯೇ?" ಕೆಳಗೆ ಪಾಠಕ್ ಸರ್ ಕೆಂಪು ಪೆನ್ನಿನ ಪ್ರಶ್ನೆ. ಎಲ್ಲರಿಗೂ ಹೋಗುವ ಅದೇ ಅಚ್ಚು ಹಾಕಿದ ಚೀಟಿಯ ಜೊತೆಗೆ ಲೇಖನ ಕೆಳಗಿನ ಪೇಢಿಗೆ ವಾಪಸ್ ಹೋಯಿತು. ಮೆಟ್ಟಿಲಿಳಿದು ಕೊಟ್ಟು ಬಂದವಳು ನಾನೇ.

ಶೇಠರು ಹಿಂದೆಯೇ ಬಂದರು. "ಯಾರಂವಾ? ನನ್ನ ನೆನಪು ಕಲಸೇದ ಅನ್ನಾಂವ ಯಾರು?"

"ಹೇಳಲಿಕ್ಕ ಬರೂದಿಲ್ರಿ ಶೇಠಜಿ."

"ನನ್ನ ಕಟ್ಟಡದಾಗ ಕೂತು ನನಗs ಹೇಳಂಗಿಲ್ಲ?"

"ಯಾರಿಗೂ ಹೇಳಂಗಿಲ್ರಿ."

ಶೇಠರು ದಡದಡನೆ ಮೆಟ್ಟಿಲಿಳಿದು ಹೋದರು. ಇನ್ನು ದೀಪಾವಳಿಯವರೆಗೂ ಕಾಯುವುದಿಲ್ಲ, ನಾಳೆಯೇ ಬೀಗ ಹಾಕುತ್ತಾರೆ ಎಂದುಕೊಂಡೆ. ಮರುದಿನ ಮುನೀಮಜಿ ಹೇಳಿದರು, ಶೇಠರು ಬೆಳಗಿನ ಗಾಡಿಗೇ ಸೂರತ್ತಿಗೆ ಹೋಗಿದ್ದಾರಂತೆ. ಆಂಗಡಿಯಾಗಳನ್ನು ಮಾತಾಡಿಸಲು!

ಒಂದು ಸಲವಲ್ಲ, ಎಷ್ಟೋ ಸಲ ಹೋದರು. ಬಂದಾಗಲೆಲ್ಲ ಮೇಲೆ ಹತ್ತಿ ಬಂದು ನಮ್ಮ ಸ್ಟೂಲಿನ ಮೇಲೆ ಕೂತು ಹೇಳುವರು. ಸಿಟ್ಟು ಎಲ್ಲಿ ಹೋಯಿತೋ ತಿಳಿಯದು, ಮನುಷ್ಯನಿಗೆ ಹೊಸ ಹುರುಪು ಬಂದುಬಿಟ್ಟಿತ್ತು. ಒಂದು ದಿನ ಮಾತ್ರ ಮೆತ್ತಗೆ ಕೂತಿದ್ದರು.

"ಬೆನ್, ಒಬ್ಬ ಮುದುಕ ಆಂಗಡಿಯಾಗ ಕೇಳಿದೆ, ಚೀಲದಾಗ ಏನದ ಅಂತ ನಿಮಗ ಗೊತ್ತಿರತದೇನು ಅಂತ. ಅಂವ ಏನಂದ ಗೊತ್ತದೇನು? ಶೇಠ, ಬಿಚ್ಚಿ ನೋಡೂದಿಲ್ಲ ಅಂತನs ಮಂದಿ ನಮ್ಮನ್ನ ನಂಬ್ತಾರ ಅಂದ." ಸ್ಟೂಲಿನಿಂದ ಏಳುತ್ತ, "ಆ ವಿದೇಶದಾಂವ ಬರದದ್ದು ಪೂರಾ ಸುಳ್ಳೇನಲ್ಲ" ಎಂದರು. ಅದನ್ನು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಕಂಡಿತು. ಅವರ ಮೇಲೆ ಅಂದು ನನಗೆ ಹುಟ್ಟಿದ ಗೌರವ ಇವತ್ತಿಗೂ ಹಾಗೆಯೇ ಇದೆ.

ಎರಡನೆಯ ಕರಡಿನಲ್ಲಿ ಅವರು ಅದನ್ನೇ ಬರೆದರು. ಆ ನಂಬಿಕೆಯೇ ಈ ವ್ಯವಸ್ಥೆಯ ಬಲ, ಅದೇ ಅದರ ಅಪಾಯ. ಆದರೆ ವಿದೇಶದ ಲೇಖಕರು ಅಪಾಯವನ್ನು ಮಾತ್ರ ಕಂಡರು ಎಂದು. ಕರಡು ಮತ್ತೆ ಪರಿಶೀಲಕರಿಗೆ ಹೋಯಿತು. ಈ ನಡುವೆ ದೀಪಾವಳಿ ಬಂತು. ನಾವು ಬೇಕೆಂದೇ ತಡಮಾಡಿದೆವೆಂದು ಆಮೇಲೆ ಕೆಲವರು ಹೇಳಿದರು. ಖಂಡಿತ ಇಲ್ಲ. ನಮ್ಮ ಪತ್ರಿಕೆಯ ಸಹಜ ವೇಗವೇ ಅಷ್ಟು. ಅದಕ್ಕಾಗಿ ಜನ್ಮವೆಲ್ಲ ಬೈಸಿಕೊಂಡಿದ್ದೇವೆ. ಆ ಒಂದು ವರ್ಷ ಮಾತ್ರ ಅದು ನಮ್ಮನ್ನು ಕಾಪಾಡಿತು.

ಲಾಭಪಂಚಮಿಯ ಬೆಳಿಗ್ಗೆ ನಾವು ಹಳೆಯ ಸಂಚಿಕೆಗಳನ್ನೆಲ್ಲ ಪೆಟ್ಟಿಗೆಗಳಿಗೆ ತುಂಬಿ ಹಗ್ಗ ಬಿಗಿದು ಕೂತಿದ್ದೆವು. ಪಾಠಕ್ ಸರ್ ತಮ್ಮ ಕುರ್ಚಿಯನ್ನೂ ಕಟ್ಟಿಸಿದ್ದರಿಂದ ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದರು. ಪೇಢಿಯ ಪೂಜೆ ಮುಗಿಸಿ ಶೇಠರು ಪೇಡಾದ ಡಬ್ಬಿ ಹಿಡಿದು ಮೇಲೆ ಬಂದರು.

"ಇವೇನು ಪೆಟಗಿ?"

"ಇವತ್ತ ಖಾಲಿ ಮಾಡ್ಬೇಕಲ್ರಿ" ಎಂದೆ.

"ನನ್ನ ಲೇಖನ ಎಲ್ಲದ?"

"ರಿವ್ಯೂವರ್ ಕಡೆ ಅದರಿ."

"ಯಾವಾಗ ಬರ್ತದ?"

"ಹೇಳಲಿಕ್ಕ ಬರೂದಿಲ್ರಿ."

ಶೇಠರು ಪೆಟ್ಟಿಗೆಗಳನ್ನೂ, ಕಿಟಕಿಯ ಕಟ್ಟೆಯ ಮೇಲಿದ್ದ ಪಾಠಕ್ ಸರ್ ಅವರನ್ನೂ, ತಮ್ಮ ಕೈಯಲ್ಲಿದ್ದ ಪೇಡಾವನ್ನೂ ನೋಡಿದರು. ಯಜಮಾನರಿಗೆ ಅಂದೇ ಹೊಳೆದದ್ದು ಅವರಿಗೆ ಆಗ ಹೊಳೆಯಿತೆಂದು ಕಾಣುತ್ತದೆ.

"ಹಂಗಾರ ಹಗ್ಗ ಬಿಚ್ರಿ. ಅಚ್ಚಾದ ಮ್ಯಾಲೆ ನೋಡೂಣು" ಎಂದು ಪೇಡಾ ಹಂಚಿದರು.

ಅಚ್ಚಾಯಿತು. ಅದಕ್ಕೆ ವಿದೇಶದ ವಿದ್ವಾಂಸರು ಉತ್ತರ ಕಳಿಸಿದರು. ಅವರ ಉತ್ತರಕ್ಕೆ ಶೇಠರು ಮರುತ್ತರ ಬರೆದರು. ಕೋಣೆ ಖಾಲಿ ಮಾಡುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಪತ್ರಿಕೆ ಇವತ್ತಿಗೂ ಅಲ್ಲೇ ಇದೆ. ಶೇಠರ ಪೇಢಿಯ ಗೋಡೆಯ ಮೇಲೆ ಈಗಲೂ ಕಟ್ಟು ಹಾಕಿಸಿದ ಒಂದು ಕಾಗದವಿದೆ. ಒಪ್ಪಿಗೆಯ ಪತ್ರವಲ್ಲ, ಮೊದಲ ಸಲ ವಾಪಸ್ ಕಳಿಸಿದ ಚೀಟಿ. ಯಾಕೆಂದು ಕೇಳಿದರೆ, "ಹೊಗಳೋರು ಭಾಳ ಮಂದಿ ಸಿಕ್ಕಾರ. ನಿನಗ ಹ್ಯಾಂಗ ಗೊತ್ತು ಅಂತ ಕೇಳಿದವರು ಇವರs ಮೊದಲು" ಎನ್ನುತ್ತಾರೆ.

ಆಮೇಲಿನ ವರ್ಷಗಳಲ್ಲಿ ಕೆಲಸದ ರೀತಿ ಪೂರ್ತಿ ಬದಲಾಯಿತು. ಲಕೋಟೆ ಹೋಗಿ ಈಮೇಲ್ ಬಂತು, ಈಮೇಲ್ ಹೋಗಿ ವೆಬ್‌ಸೈಟ್ ಬಂತು. ಕದ್ದು ಬರೆದದ್ದನ್ನು ಹಿಡಿಯುವ ಯಂತ್ರ ಬಂತು. ಅದು ಮೊದಲ ದಿನ ಪಾಠಕ್ ಸರ್ ತಮ್ಮದೇ ಹಳೆಯ ಲೇಖನದಿಂದ ಕದ್ದಿದ್ದಾರೆಂದು ಹಿಡಿಯಿತು. ಈಗ ಯಂತ್ರಗಳೇ ಬರೆದ ಲೇಖನಗಳೂ ಬರುತ್ತಿವೆಯಂತೆ. ಒಂದು ತಪ್ಪಿಲ್ಲದ ನುಣುಪಾದ ಇಂಗ್ಲಿಷ್. ಅನನ್ಯಾ ಅದನ್ನು ಹೇಗೆ ಗುರುತಿಸುವುದೆಂದು ಕೇಳಿದಳು. ನನಗೆ ಬರುವುದು ಒಂದೇ ಉಪಾಯ. ಕೆಂಪು ಪೆನ್ನಿನ ಪ್ರಶ್ನೆ ಕೇಳು. ಬರೆದದ್ದು ಮನುಷ್ಯನಾದರೆ ಸಿಟ್ಟಿಗೇಳುತ್ತಾನೆ, ಆಮೇಲೆ ಸೂರತ್ತಿಗೆ ಗಾಡಿ ಹತ್ತುತ್ತಾನೆ.

ಪಾಠಕ್ ಸರ್ ತೀರಿಕೊಂಡ ಮೇಲೂ ನಾನು ಕೆಲವು ವರ್ಷ ಅಲ್ಲಿದ್ದೆ. ಅಷ್ಟು ವರ್ಷವೂ ಶೇಠರು ಒಂದು ಪ್ರಶ್ನೆ ಬಿಡಲಿಲ್ಲ. ಕನುಭಾಯಿ ವಡೋದರಾದಿಂದ ಬಂದಾಗಲೆಲ್ಲ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ, "ಬೆನ್, ಆ ಕಡಲೆಕಾಯಿ ರಿವ್ಯೂವರ್ ಯಾರು, ಈಗರೆ ಹೇಳ್ರಿ" ಎನ್ನುವರು. ನಾನು ಇಲ್ಲವೆಂದು ತಲೆ ಆಡಿಸುವೆ. ಕನುಭಾಯಿ ಫ್ಯಾನ್ ನೋಡುವರು.

ನನ್ನ ಬೀಳ್ಕೊಡುಗೆಯ ದಿನವೂ ಹಾಗೆಯೇ ಆಯಿತು. ಸುಧಾಕರಣ್ಣ ಗೋಳಿಬಜೆ ಕಳಿಸಿದ್ದರು, ಪೇಢಿಯಿಂದ ಖಮನ್ ಢೋಕ್ಲಾ ಬಂದಿತ್ತು. ಭಾಷಣ ಮಾಡಲು ಎದ್ದ ಶೇಠರು ಕೋಲು ಊರಿಕೊಂಡು, "ವಿಮಲಾಬೆನ್ ಇವತ್ತ ರಿಟೈರ್ ಆಗ್ಲಿಕ್ಹತ್ತಾರ. ಇನ್ನ ನಿಯಮಾ ಮುಗೀತು. ಈಗ ಹೇಳ್ರಿ, ಯಾರಂವಾ?" ಎಂದರು. ಮುಂದಿನ ಸಾಲಿನಲ್ಲಿದ್ದ ಕನುಭಾಯಿ ತಮ್ಮ ಗೋಳಿಬಜೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ರಿಟೈರ್ ಆಗಾಕಿ ನಾನು. ನಿಯಮಕ್ಕ ಇನ್ನೂ ವಯಸ್ಸಾಗಿಲ್ರಿ" ಎಂದೆ. ಎಲ್ಲರೂ ನಕ್ಕರು.

ಮುಗಿದ ಮೇಲೆ ಶೇಠರು ನನ್ನನ್ನು ಆಟೋದವರೆಗೂ ಬಿಡಲು ಬಂದರು. ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು ತಗ್ಗಿದ ದನಿಯಲ್ಲಿ, "ಬೆನ್, ಅಂವ ಕನು ಅಂತ ನನಗ ಮೊದಲಿಂದs ಗೊತ್ತದ" ಎಂದರು.

ಅಭ್ಯಾಸ ಬಲ, ನನ್ನ ಬಾಯಿಗೆ ಬಂದದ್ದು ಅದೇ ಪ್ರಶ್ನೆ. "ನಿಮಗ ಹ್ಯಾಂಗ ಗೊತ್ತು?"

"ಮೊದಲನೇ ಸಲ ಓದಿದಾಗ ಬರೇ ಸಿಟ್ಟು ಬಂತು. ಎರಡನೇ ಸಲ ಓದಿದಾಗ ನೆನಪಾತು. ಆ ಡಬ್ಬಿಯೊಳಗ ನನ್ನ ಬಾಜೂಕ ಕೂತಾಂವ ಕನು. ಭರೂಚದಾಗ ಇಳದು ಕಡಲೆಕಾಯಿ ತಂದಾಂವನೂ ಅಂವನs. ನಾ ಮರತು ಆಂಗಡಿಯಾ ತಂದ ಅಂತ ಬರದಿದ್ದೆ. ನನ್ನ ನೆನಪು ತಪ್ಪಂತ ಹೇಳಲಿಕ್ಕ, ಅಲ್ಲಿದ್ದಾಂವ ಬಿಟ್ಟರ ಇನ್ಯಾರಿಗೆ ಆಗ್ತದ?"

"ಮತ್ತ ಇಷ್ಟು ವರ್ಷ ಯಾಕ ಕೇಳಿದ್ರಿ?"

"ಪ್ರತಿ ಸಲ ಅಂವನ ಮಾರಿ ನೋಡಬೇಕಿತ್ತು ಬೆನ್!" ಎಂದು ಹುಡುಗನ ಹಾಗೆ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಅಂವಗ ಹೇಳಬ್ಯಾಡ್ರಿ. ನಾ ಎಷ್ಟು ಬೈದ್ರೂ, ಎಷ್ಟು ಕೆಣಕಿದ್ರೂ, ಮಾತು ಕೊಟ್ಟೀನಿ ಅಂತ ಬಾಯಿ ಮುಚಗೊಂಡು ಕೂತಾನ. ಅಂಥಾ ಗೆಳೆಯಾ ಸಿಗೂದಿಲ್ಲ" ಎಂದರು.

ಆಟೋ ಹತ್ತಿ ಕೂತೆ. ಅಷ್ಟರಲ್ಲಿ ಹೊರಗೆ ಬಂದ ಕನುಭಾಯಿ ಆ ಕಡೆಯಿಂದ ಬಗ್ಗಿ ಒಂದು ಪೊಟ್ಟಣವನ್ನು ನನ್ನ ಮಡಿಲಲ್ಲಿಟ್ಟರು. ಭರೂಚಿನ ಕಡಲೆಕಾಯಿ. ಶೇಠರಿಗೆ ಕೇಳಿಸದ ಹಾಗೆ ಪಿಸುಗುಟ್ಟಿದರು, "ಬೆನ್, ಅಂವಗ ಗೊತ್ತಾಗಿಲ್ಲ, ಹೌದಲ್ಲ?"

"ಗೊತ್ತಾಗಿಲ್ರಿ" ಎಂದೆ.

ಇದನ್ನು ಕನ್ನಡದಲ್ಲಿ ಬರೆದದ್ದು ಅದಕ್ಕೇ. ಇಬ್ಬರಿಗೂ ಕನ್ನಡ ಬರುವುದಿಲ್ಲ. ಅನನ್ಯಾ, ನಿನ್ನ ತಾಯಿ ಓದಿ ಹೇಳಿದ್ದನ್ನು ಕೇಳಿ ನಕ್ಕು ಸುಮ್ಮನಿರು. ಹುರುಪಿನಲ್ಲಿ ಗುಜರಾತಿಗೆ ಅನುವಾದ ಮಾಡಿ ಎಲ್ಲಾದರೂ ಹಾಕಿಬಿಟ್ಟೀಯ. ಇಬ್ಬರೂ ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಈ ಭಾನುವಾರವೂ ಶೇಠರ ಮನೆಯಲ್ಲಿ ಒಟ್ಟಿಗೆ ಊಟವಿದೆಯಂತೆ.